ಚಕ್ರದ ಮೇಲಿನ ಮನೆಗೆ ಬೇರೆ ಬೇರೆ ಪೈಪು

ಪ್ರಯಾಣ ಎಂದ ಕೂಡಲೇ ಗಂಡಸರು ಟಿಕೆಟ್ಟು, ಸೀಟು, ಟೈಮು ಎಂದು ಯೋಚಿಸುತ್ತಾರೆ. ನಾವು ಹೆಂಗಸರು ಬಾಯಿಬಿಟ್ಟು ಹೇಳದಿದ್ದರೂ ಯೋಚಿಸುವುದು ಒಂದೇ ವಿಷಯ: ದಾರಿಯಲ್ಲಿ ಒಂದಕ್ಕೆ ಬಂದರೆ ಏನು ಗತಿ? ಇದಕ್ಕೆ ನಮ್ಮ ಅಜ್ಜಿ, ಅಮ್ಮಂದಿರು ಕಂಡುಕೊಂಡ ಉಪಾಯ ನಿಮಗೆಲ್ಲ ಗೊತ್ತೇ ಇದೆ. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುವುದು! ಮದುವೆಗೆ ಹೊರಟರೂ ಅಷ್ಟೇ, ಧರ್ಮಸ್ಥಳಕ್ಕೆ ಹೊರಟರೂ ಅಷ್ಟೇ. ಬಸ್ಸು ನಿಂತಾಗ ಗಂಡಸರು ಇಳಿದು ಕಾಫಿ ಕುಡಿದು ಬರುತ್ತಾರೆ. ನಾವು ಒಣಗಿದ ತುಟಿ ಸವರಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತೇವೆ.

ನಮ್ಮಮ್ಮ ಈ ಉಪಾಯವನ್ನು ಅರಸೀಕೆರೆಯಿಂದ ಅಮೆರಿಕದವರೆಗೂ ಹೊತ್ತುಕೊಂಡು ಬಂದಳು. 2023ರ ಮೇ ತಿಂಗಳಲ್ಲಿ ನಾನು ಮತ್ತು ಅಮ್ಮ, ಮಿಷಿಗನ್ ರಾಜ್ಯದಲ್ಲಿ ಡೆಟ್ರಾಯಿಟ್ ಹತ್ತಿರ ಇರುವ ನನ್ನ ತಂಗಿಯ ಮನೆಗೆ ಹೋಗಿದ್ದೆವು. ಅಮ್ಮನಿಗೆ 70 ದಾಟಿದೆ, ಸಕ್ಕರೆ ಕಾಯಿಲೆ ಇದೆ, ಮಂಡಿ ನೋವು ಇದೆ. ಹೋದ ಮೂರನೇ ವಾರ ಎಲ್ಲರೂ ಕಾರಿನಲ್ಲಿ ಷಿಕಾಗೋ ನೋಡಲು ಹೊರಟೆವು. ಹೆದ್ದಾರಿಯಲ್ಲಿ ಅಲ್ಲಲ್ಲಿ ತಂಗುವ ಜಾಗಗಳಿವೆ, ಶುಚಿಯಾಗಿಯೂ ಇವೆ. ಆದರೆ ಅಲ್ಲಿನ ಕಕ್ಕಸಿನಲ್ಲಿ ನೀರಿಲ್ಲ, ಬರೀ ಕಾಗದ. ಮಂಡಿ ಹಿಡಿದುಕೊಂಡು ಕಾರಿನಿಂದ ಇಳಿದು ಅಷ್ಟು ದೂರ ನಡೆಯಬೇಕು. ಅಮ್ಮ ಯಾರಿಗೂ ಹೇಳದೆ ನೀರು ಬಿಟ್ಟಳು. ವಾಪಸು ಬಂದ ಮಾರನೇ ದಿನ ಉರಿಮೂತ್ರ, ಚಳಿಜ್ವರ. ಡಾಕ್ಟರು ಔಷಧಿ ಕೊಟ್ಟು, "ಸಕ್ಕರೆ ಕಾಯಿಲೆಯವರು ನೀರು ಬಿಡಲೇಬಾರದು" ಎಂದು ಹೇಳಿ ಕಳುಹಿಸಿದರು.

ಜ್ವರ ವಾಸಿಯಾಯಿತು, ಆದರೆ ಅಮ್ಮನ ಮನಸ್ಸು ಮುದುಡಿತು. "ನಾನು ಇನ್ನು ಎಲ್ಲಿಗೂ ಬರಲ್ಲ ಕಣ್ರೇ. ನೀವು ಹೋಗಿ ಬನ್ನಿ, ನಾನು ಮನೆ ಕಾಯ್ತೀನಿ" ಎಂದುಬಿಟ್ಟಳು. ಜೀವಮಾನದಲ್ಲಿ ಒಂದು ಸಲ ಅಷ್ಟು ದೂರ ಬಂದವಳು ಸೋಫಾದ ಮೇಲೆ ಕೂತು ಕಿಟಕಿ ನೋಡುವುದನ್ನು ಕಂಡು ತಂಗಿ ರಾತ್ರಿ ನನ್ನ ಹತ್ತಿರ ಅತ್ತಳು.

ಅಳಿಯಂದಿರು, ಅಂದರೆ ನನ್ನ ತಂಗಿಯ ಯಜಮಾನರು, ಮಾತು ಕಡಿಮೆ. ಒಂದು ತಿಂಗಳಾದ ಮೇಲೆ ಒಂದು ಶನಿವಾರ ಮನೆ ಮುಂದೆ ಸಣ್ಣ ಬಸ್ಸಿನಂಥದ್ದೊಂದು ಗಾಡಿ ತಂದು ನಿಲ್ಲಿಸಿದರು. ಅದಕ್ಕೆ ಅಲ್ಲಿ ಆರ್.ವಿ. ಎನ್ನುತ್ತಾರೆ. ನಿವೃತ್ತರಾದ ದಂಪತಿಗಳೊಬ್ಬರು ಉಪಯೋಗಿಸಿ ಮಾರಿದ ಹಳೆಯ ಗಾಡಿ. ಒಳಗೆ ಹೋಗಿ ನೋಡಿದರೆ, ಅಬ್ಬಾ, ಒಂದು ಪುಟ್ಟ ಸಂಸಾರವೇ! ಎರಡು ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್ಜು, ಪಾತ್ರೆ ತೊಳೆಯುವ ಸಿಂಕು, ಸ್ನಾನಕ್ಕೆ ಒಂದು ಮೂಲೆ, ಅದರ ಪಕ್ಕದಲ್ಲೇ ಕಕ್ಕಸು. "ಅತ್ತೆಗೆ ಬೇಕಾದಾಗ ಗಾಡಿ ನಿಲ್ಲಿಸಿದರಾಯ್ತು, ಇಳಿಯೋದೇ ಬೇಡ" ಎಂದರು ಅಳಿಯಂದಿರು.

ಅಮ್ಮ ಬಾಗಿಲಲ್ಲಿ ನಿಂತು ಒಲೆಯಿಂದ ಕಕ್ಕಸಿನವರೆಗೆ ಕಣ್ಣಲ್ಲೇ ಅಳೆದಳು. ನಾಲ್ಕು ಹೆಜ್ಜೆ. "ಈ ನೀರು ಆ ನೀರು ಎಲ್ಲಾದರೂ ಸೇರುತ್ತಾ?" ಎಂದು ಕೇಳಿದಳು. ನಮಗೆ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಳಿಯಂದಿರು ಗಾಡಿಯ ಹಿಂದಿನ ಖಾನೆ ತೆರೆದರು. ಹಳೆಯ ಮಾಲೀಕರು ಬಿಟ್ಟುಹೋದ ಪೆಟ್ಟಿಗೆ ಅದರಲ್ಲಿತ್ತು. ತೋಟಕ್ಕೆ ನೀರು ಬಿಡುವ ಹಸಿರು ಪೈಪು ಒಂದು, ಆನೆಯ ಸೊಂಡಿಲಿನ ಹಾಗೆ ದಪ್ಪಗಿರುವ ಕಂದು ಪೈಪು ಒಂದು, ಎರಡೂ ಒಂದಕ್ಕೊಂದು ಹೆಣೆದುಕೊಂಡು ಬಿದ್ದಿದ್ದವು. ದಪ್ಪನೆಯದು ಕಕ್ಕಸಿನ ತೊಟ್ಟಿ ಖಾಲಿ ಮಾಡುವ ಪೈಪು! "ತೊಳೆದರೆ ಹೋಗುತ್ತೆ, ಹೊಸದೇನೂ ಬೇಕಿಲ್ಲ" ಎಂದರು ಅಳಿಯಂದಿರು. ಪಾಪ, ಗಾಡಿಗೇ ಕೈಲಿದ್ದ ದುಡ್ಡು ಸುರಿದಿದ್ದರು. ಅಮ್ಮ ಮಾತಾಡದೆ ಒಳಗೆ ಹೋದಳು. ಆ ಪೆಟ್ಟಿಗೆ ನೋಡಿದವಳು ಆ ಗಾಡಿಯಲ್ಲಿ ಒಂದು ಗುಟುಕು ನೀರು ಕುಡಿಯುವುದಿಲ್ಲ ಎಂದು ನನಗೂ ತಂಗಿಗೂ ಖಂಡಿತವಾಯಿತು. ನೀರು ಕುಡಿಯದಿದ್ದರೆ ಗಾಡಿ ತಂದು ಏನು ಪ್ರಯೋಜನ?

ಪಕ್ಕದ ಮನೆಯಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಇದ್ದರು. ಅವರೂ ಗಂಡನ ಜೊತೆ ಇಂಥ ಗಾಡಿಯಲ್ಲಿ ಬಹಳ ವರ್ಷ ಓಡಾಡಿದವರು. ತಂಗಿ ಅವರನ್ನು ಕರೆದು ಗಾಡಿ ತೋರಿಸಿದಳು. ಅವರು ಹೇಳಿದ್ದನ್ನು ತಂಗಿ ಕನ್ನಡದಲ್ಲಿ ಹೇಳಿದಳು, ನಾನು ಬರೆದುಕೊಂಡೆ.

ಗಾಡಿಯಲ್ಲಿ ಮೂರು ತೊಟ್ಟಿಗಳಿವೆ. ಒಂದು ಒಳ್ಳೆಯ ನೀರಿನದು. ಎರಡನೆಯದು ಸಿಂಕು ಮತ್ತು ಸ್ನಾನದ ಬಚ್ಚಲ ನೀರಿನದು. ಮೂರನೆಯದು ಕಕ್ಕಸಿನದು. ಒಳ್ಳೆಯ ನೀರಿನ ತೊಟ್ಟಿಗೂ ಉಳಿದ ಎರಡಕ್ಕೂ ಗಾಡಿಯ ಒಳಗೆ ಎಲ್ಲಿಯೂ ಸಂಪರ್ಕವಿಲ್ಲ. ಸೇರುವ ಅಪಾಯವಿರುವುದು ಹೊರಗಡೆ, ನಾವು ಹಿಡಿಯುವ ಪೈಪುಗಳಲ್ಲಿ. ಆದ್ದರಿಂದ ಹಳೆಯ ಗಾಡಿ ಕೊಂಡವರು ಪರದೆ, ದಿಂಬು ಬದಲಾಯಿಸುವ ಮೊದಲು ಪೈಪು ಬದಲಾಯಿಸಬೇಕು ಎಂದರು ಅಜ್ಜಿ. "ಇದು ನಮ್ಮ ಮಡಿ ಪಾತ್ರೆ, ಮುಸುರೆ ಪಾತ್ರೆ ಲೆಕ್ಕವೇ ಅಲ್ಲವಾ!" ಎಂದೆ ನಾನು. ತಂಗಿ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದಳೋ, ಅಜ್ಜಿ ಜೋರಾಗಿ ತಲೆಯಾಡಿಸಿದರು.

ಮಾರನೇ ದಿನ ನಾನೂ ತಂಗಿಯೂ ಅಂಗಡಿಗೆ ಹೋದೆವು. ವಾಲ್‌ಮಾರ್ಟಿನಂಥ ದೊಡ್ಡ ಅಂಗಡಿಗಳಲ್ಲಿ ಈ ಗಾಡಿಯ ಸಾಮಾನಿಗೇ ಒಂದು ಸಾಲು ಇರುತ್ತದೆ. ನೂರೆಂಟು ಬಗೆಯ ಸಾಮಾನು ನೋಡಿ ತಲೆ ತಿರುಗಿತು. ನಾವು ಅಜ್ಜಿಯ ಪಟ್ಟಿಯನ್ನು ಬಿಟ್ಟು ಕದಲಲಿಲ್ಲ.

ಮೊದಲು ಕೊಂಡದ್ದು ಕುಡಿಯುವ ನೀರಿನ ಪೈಪು. ಇದು ಸಾಧಾರಣವಾಗಿ ಬಿಳಿಯ ಅಥವಾ ನೀಲಿಯ ಬಣ್ಣದ್ದು. ಕುಡಿಯುವ ನೀರಿಗೆ ಯೋಗ್ಯ, ಸೀಸವಿಲ್ಲದ್ದು ಎಂದು ಮೇಲೆ ಬರೆದಿರಬೇಕು. ತೋಟದ ಪೈಪಿನಲ್ಲಿ ಬಿಸಿಲಿಗೆ ನಿಂತ ನೀರು ರಬ್ಬರಿನ ವಾಸನೆ ಬರುತ್ತದೆ. ಅದರ ಹಿತ್ತಾಳೆ ತಿರುಪಿನಲ್ಲಿ ಸೀಸವೂ ಇರಬಹುದಂತೆ. 50 ಅಡಿಯ ಒಂದು ಪೈಪಿನ ಬದಲು 25 ಅಡಿಯ ಎರಡು ಕೊಂಡೆವು. ನಲ್ಲಿ ಹತ್ತಿರವಿದ್ದರೆ ಒಂದು ಸಾಕು, ದೂರವಿದ್ದರೆ ಎರಡನ್ನೂ ಜೋಡಿಸಬಹುದು. ಸುತ್ತಿಡಲೂ ಹಗುರ.

ಎರಡನೆಯದು ನೀರಿನ ರಭಸ ತಗ್ಗಿಸುವ ಹಿತ್ತಾಳೆಯ ಸಣ್ಣ ಸಾಧನ. ನಮ್ಮಲ್ಲಿ ನಲ್ಲಿ ನೀರು ದಾರದಷ್ಟು ಸಣ್ಣಗೆ ಬರುವುದು ತೊಂದರೆ. ಅಲ್ಲಿ ಕೆಲವು ಕಡೆ ಒಂದೇ ಸಮನೆ ನುಗ್ಗುವುದು ತೊಂದರೆ! ಆ ರಭಸಕ್ಕೆ ಗಾಡಿಯೊಳಗಿನ ಪ್ಲಾಸ್ಟಿಕ್ ಕೊಳವೆಗಳು ಒಡೆದುಹೋಗುತ್ತವೆ. ಈ ಸಾಧನ ರಭಸವನ್ನು ಚದರ ಇಂಚಿಗೆ 40ರಿಂದ 50 ಪೌಂಡಿಗೆ ಇಳಿಸುತ್ತದೆ. ಇದನ್ನು ಗಾಡಿಯ ಕಡೆ ಹಾಕದೆ ನಲ್ಲಿಯ ಬಾಯಿಗೇ ಹಾಕಬೇಕು. ಆಗ ಪೈಪಿಗೂ ರಕ್ಷಣೆ. ಇದರ ಜೊತೆಗೆ ನೀರು ಸೋಸುವ ಒಂದು ಫಿಲ್ಟರು, ಒಂದು ಹಿಡಿ ರಬ್ಬರ್ ವಾಷರು.

ಮೂರನೆಯದು ಕೊಳೆ ನೀರಿನ ಪೈಪು. 3 ಇಂಚು ಅಗಲದ್ದು, ದಪ್ಪನೆಯದು. 10 ಅಡಿಯ ಎರಡು ತುಂಡು. ಇದರಲ್ಲಿ ಮಾತ್ರ ಅಗ್ಗದ್ದು ನೋಡಬೇಡಿ ಎಂದು ಅಜ್ಜಿ ಬೆರಳೆತ್ತಿ ಹೇಳಿದ್ದರು. ತೆಳು ಪೈಪು ತೂತಾದರೆ ಆಗುವ ಅನಾಹುತವನ್ನು ನಾನು ಬರೆಯಬೇಕಾಗಿಲ್ಲ. ತುದಿಗೆ ಗಾಜಿನಂತೆ ಪಾರದರ್ಶಕವಾದ ಎಲ್ಬೋ ಹಾಕಿದರೆ ಒಳಗೆ ತಿಳಿನೀರು ಬರುವವರೆಗೆ ತೊಳೆಯಬಹುದು. ಪೈಪಿನ ಎರಡೂ ಬಾಯಿಗೆ ಮುಚ್ಚಳ ಇರಬೇಕು.

ನಾಲ್ಕನೆಯದು, ಆ ಕೊಳೆ ಪೈಪನ್ನು ತೊಳೆಯಲು ಬೇರೆಯದೇ ಬಣ್ಣದ ಒಂದು ಸಣ್ಣ ಪೈಪು. ನಾವು ಕಿತ್ತಳೆ ಬಣ್ಣದ್ದು ಆರಿಸಿದೆವು. ಬಿಳಿಯ ಪೈಪನ್ನು ಯಾವ ಕಾರಣಕ್ಕೂ ಆ ಕೆಲಸಕ್ಕೆ ಮುಟ್ಟಬಾರದು. ಗಡಿಬಿಡಿಯಲ್ಲೂ ಕತ್ತಲಲ್ಲೂ ತಪ್ಪಾಗದಿರಲಿ ಎಂದೇ ಬಣ್ಣ ಬೇರೆ.

ಇನ್ನು ಸಣ್ಣಪುಟ್ಟವು. ಕೈಗೆ ಹಾಕಿ ಬಿಸಾಡುವ ಗ್ಲೌಸಿನ ಒಂದು ಡಬ್ಬಿ, ಕಕ್ಕಸಿನ ತೊಟ್ಟಿಗೆ ಹಾಕುವ ಔಷಧಿ, ಬೇಗ ಕರಗುವ ಕಾಗದ. ಲಾರಿಯವರು ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಅದೇ ಕೆಲಸಕ್ಕೆ ಎರಡು ಅಡ್ಡೆ. ಗಾಡಿಯನ್ನು ಮಟ್ಟವಾಗಿ ನಿಲ್ಲಿಸಲು ಚಕ್ರದ ಕೆಳಗೆ ಇಡುವ ಹಲಗೆಗಳು, ಗಾರೆಯವರ ಬಳಿ ಇರುವಂಥ ರಸಮಟ್ಟ. ಇಂಥ ಹಳೆಯ ಗಾಡಿಯ ಫ್ರಿಜ್ಜು ಗ್ಯಾಸಿನಿಂದಲೂ ನಡೆಯುತ್ತದೆ. ಗಾಡಿ ವಾಲಿ ನಿಂತರೆ ಅದು ತಂಪಾಗುವುದಿಲ್ಲ, ಕೆಟ್ಟೂ ಹೋದೀತು. ಗಾಡಿಯ ಪ್ಲಗ್ಗು 30 ಆಂಪಿಯರಿನದು, ಆದ್ದರಿಂದ ಮನೆಯ ಪ್ಲಗ್ಗಿಗೆ ಸಿಕ್ಕಿಸಲು ಒಂದು ಅಡಾಪ್ಟರು. ಒಲೆಯ ಹತ್ತಿರ ಬೆಂಕಿ ಆರಿಸುವ ಸಿಲಿಂಡರು. ಎಲ್ಲ ಸೇರಿ ತಂಗಿ ಇಟ್ಟುಕೊಂಡಿದ್ದ 200 ಡಾಲರಿನಲ್ಲಿ ಸ್ವಲ್ಪ ಉಳಿಯಿತು. ಅದರಲ್ಲಿ ನಾನು ಒಂದು ಪ್ಲಾಸ್ಟಿಕ್ ಬಕೆಟ್ಟು, ಹಿಡಿ ಇರುವ ಒಂದು ಮಗ್ಗು ಕೊಂಡೆ. ಯಾರಿಗೆ ಎಂದು ನೀವು ಊಹಿಸಿರುತ್ತೀರಿ.

ಮನೆಗೆ ಬಂದು ಹಳೆಯ ಪೆಟ್ಟಿಗೆಯನ್ನು ಇಡಿಯಾಗಿ ಕಸಕ್ಕೆ ಹಾಕಿದೆವು. ಆಮೇಲೆ ಒಳ್ಳೆಯ ನೀರಿನ ತೊಟ್ಟಿ ತೊಳೆಯುವ ಕೆಲಸ. ಗೀಸರು ಆರಿಸಿ, ಪ್ರತಿ 15 ಗ್ಯಾಲನ್, ಅಂದರೆ ಸುಮಾರು 57 ಲೀಟರ್ ನೀರಿಗೆ ವಾಸನೆ ಸೇರಿಸದ ಸಾದಾ ಬ್ಲೀಚು ಕಾಲು ಕಪ್ಪು. ಬ್ಲೀಚನ್ನು ಮೊದಲು ಒಂದು ಬಕೆಟ್ ನೀರಿನಲ್ಲಿ ಬೆರೆಸಿ ತೊಟ್ಟಿಗೆ ಸುರಿದು, ತೊಟ್ಟಿ ತುಂಬಿಸಬೇಕು. ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತೆರೆದು ಬ್ಲೀಚಿನ ವಾಸನೆ ಬಂದ ಮೇಲೆ ಮುಚ್ಚಬೇಕು. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಖಾಲಿ ಮಾಡಿ, ವಾಸನೆ ಪೂರ್ತಿ ಹೋಗುವವರೆಗೆ ಒಳ್ಳೆಯ ನೀರು ತುಂಬಿಸಿ ಬಿಡಬೇಕು. ನಾವು ಮೂರು ಸಲ ತುಂಬಿಸಿದೆವು.

ಅಮ್ಮ ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲಿ ಕೂತು ಇದೆಲ್ಲವನ್ನೂ ನೋಡಿದಳು. ಬಿಳಿ ಪೈಪನ್ನು ಮಡಿಲಲ್ಲಿಟ್ಟುಕೊಂಡು ಮೂಸಿದಳು. "ಇದನ್ನು ಆ ಸೊಂಡಿಲಿನ ಜೊತೆ ಇಡಕೂಡದು" ಎಂದಳು. "ಇಡಲ್ಲಮ್ಮ" ಎಂದೆ. ಮಧ್ಯಾಹ್ನ ಮಲಗುವ ಬದಲು ತಂಗಿಯ ಒಂದು ಹಳೆಯ ಕಾಟನ್ ಸೀರೆ ಹರಿದು, ಕೈಯಲ್ಲೇ ಹೊಲಿದು, ದಾರ ಎಳೆದು ಕಟ್ಟುವ ಒಂದು ಚೀಲ ಮಾಡಿದಳು. ಬಿಳಿ ಪೈಪು, ಫಿಲ್ಟರು, ಹಿತ್ತಾಳೆ ಸಾಧನ ಎಲ್ಲ ಆ ಚೀಲದೊಳಗೆ. ಅದರ ಜಾಗ ಗಾಡಿಯ ಮುಂದಿನ ಖಾನೆ. ಕಂದು, ಕಿತ್ತಳೆ ಪೈಪುಗಳಿಗೆ ಹಿಂದಿನ ಖಾನೆ. ಈ ಏರ್ಪಾಡು ಮಾಡಿದ್ದು ಅಮ್ಮ, ನಮ್ಮ ಅಳಿಯಂದಿರು ಈಗಲೂ ಅದನ್ನೇ ನಡೆಸಿಕೊಂಡು ಬರುತ್ತಿದ್ದಾರೆ.

ಅಮ್ಮನಿಗೆ ಇನ್ನೂ ಒಂದು ಸಂಕೋಚವಿತ್ತು. ಕಕ್ಕಸಿನಲ್ಲಿ ತಾನು ಮಗ್ಗಿನಿಂದ ನೀರು ಬಳಸಿದರೆ ತೊಟ್ಟಿ ಬೇಗ ತುಂಬಿ ಅಳಿಯಂದಿರಿಗೆ ತೊಂದರೆಯಾದೀತು ಎಂದು. ತಂಗಿ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದಳು. ಅವರು ನಕ್ಕು, "ತೊಟ್ಟಿ ಕಟ್ಟಿಕೊಳ್ಳುವುದು ನೀರು ಕಡಿಮೆ ಹಾಕುವವರಿಂದ. ನಿಮ್ಮ ತಾಯಿಯ ಪದ್ಧತಿಯೇ ಸರಿ" ಎಂದರಂತೆ. ಅಮ್ಮನ ಮುಖ ಅರಳಿತು. ಅವಳ ಒಂದು ಮಗ್ಗು ನೀರಿಗೆ ಅಮೆರಿಕದಲ್ಲಿ ಮರ್ಯಾದೆ ಸಿಕ್ಕಿತಲ್ಲ!

ಆಗಸ್ಟಿನಲ್ಲಿ ಲಡಿಂಗ್ಟನ್ ಎಂಬ ಊರಿನ ಸ್ಟೇಟ್ ಪಾರ್ಕಿಗೆ ಹೊರಟೆವು. ಸುಮಾರು 400 ಕಿಲೋಮೀಟರ್. ಬೆಳಿಗ್ಗೆ ಚಿತ್ರಾನ್ನ, ಚಪಾತಿ, ಮೊಸರನ್ನ ಕಟ್ಟಿಕೊಂಡಿದ್ದೆವು. ಗಾಡಿ ಓಡುವಾಗ ಬೆಲ್ಟು ಹಾಕಿಕೊಂಡು ಕೂತಿರಬೇಕು, ಎದ್ದು ಓಡಾಡಬಾರದು. ಒಂದೂವರೆ ಗಂಟೆಗೊಮ್ಮೆ ಅಳಿಯಂದಿರು ತಂಗುವ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಕರೆಂಟಿನ ಸಂಪರ್ಕವಿಲ್ಲದಿದ್ದರೂ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು ತೊಟ್ಟಿಯ ನೀರನ್ನು ನಲ್ಲಿಗೆ ತರುತ್ತದೆ. ಮೊದಲನೇ ಸಲ ನಿಲ್ಲಿಸಿದಾಗ ಅಮ್ಮ ನಲ್ಲಿ ತಿರುಗಿಸಿ, ಲೋಟ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಅರ್ಧ ಲೋಟ ಕುಡಿದಳು. ಎರಡನೇ ಸಲ, "ಪುಟ್ಟಿ, ಇನ್ನೊಂದು ಲೋಟ ಕೊಡೇ, ಬಾಯಾರಿಕೆ" ಎಂದಳು. ತಂಗಿ ನನ್ನ ಮುಖ ನೋಡಿದಳು. ಪ್ರಯಾಣದಲ್ಲಿ ಅಮ್ಮ ತಾನಾಗಿ ನೀರು ಕೇಳಿದ್ದನ್ನು ನಾವಿಬ್ಬರೂ ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು.

ಆ ಪಾರ್ಕಿನಲ್ಲಿ ಪ್ರತಿ ಗಾಡಿಗೂ ಕರೆಂಟು ಉಂಟು, ನೀರಿನ ನಲ್ಲಿ ಇಲ್ಲ. ಒಂದು ಕಡೆ ಹೋಗಿ ತೊಟ್ಟಿ ತುಂಬಿಸಿಕೊಳ್ಳಬೇಕು, ಹೊರಡುವಾಗ ಇನ್ನೊಂದು ಕಡೆ ಕೊಳೆ ನೀರು ಖಾಲಿ ಮಾಡಬೇಕು. ಕೊಳೆ ಖಾಲಿ ಮಾಡುವ ಇಂಥ ಜಾಗಗಳಲ್ಲಿ ಪೈಪು ತೊಳೆಯಲು ಒಂದು ನಲ್ಲಿ ಇರುತ್ತದೆ, ಅದರ ನೀರು ಕುಡಿಯಲು ಯೋಗ್ಯವಲ್ಲ ಎಂದು ಬರೆದಿರುತ್ತದೆ. ಆ ನಲ್ಲಿಯ ಬಾಯಿಗೆ ಬಿಳಿ ಪೈಪು ತಾಗಿಸಲೂ ಬಾರದು. ಖಾಲಿ ಮಾಡುವ ಕ್ರಮವೂ ಹೀಗಿದೆ: ಗ್ಲೌಸು ಹಾಕಿ, ಮೊದಲು ಕಕ್ಕಸಿನ ತೊಟ್ಟಿ, ಆಮೇಲೆ ಬಚ್ಚಲ ತೊಟ್ಟಿ. ಆಗ ಸೋಪಿನ ನೀರು ಪೈಪನ್ನು ತಾನಾಗಿ ತೊಳೆಯುತ್ತದೆ. ಗಾಡಿ ನಿಂತಿರುವಷ್ಟು ದಿನ ಕಕ್ಕಸಿನ ವಾಲ್ವು ಮುಚ್ಚಿಯೇ ಇರಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಉಳಿಯುತ್ತದೆ.

ಮೂರು ದಿನ ಅಲ್ಲಿದ್ದೆವು. ನಮ್ಮ ಬಚ್ಚಲ ತೊಟ್ಟಿ 30 ಗ್ಯಾಲನ್, ಅಂದರೆ ಸುಮಾರು 114 ಲೀಟರ್. ಐದು ಜನರ ಪಾತ್ರೆ, ಸ್ನಾನ ಅಷ್ಟರಲ್ಲೇ ಹಿಡಿಸಬೇಕು. ಅಡುಗೆ ನನ್ನ ಪಾಲಿಗೆ ಬಂದಿದ್ದರಿಂದ ಸಿಂಕಿನ ಕಾವಲೂ ನನ್ನದೇ. ಒಗ್ಗರಣೆಯ ಸಾಸಿವೆ, ಕರಿಬೇವು, ಕಾಫಿ ಗಸಿ, ಎಣ್ಣೆ ಜಿಡ್ಡು ಒಂದೂ ತೊಟ್ಟಿಗೆ ಇಳಿಯಬಾರದು. ಸಿಂಕಿಗೆ ಜರಡಿ ಹಾಕಿ, ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ತೊಳೆಯುತ್ತಿದ್ದೆ. ಪಾರ್ಕಿನ ಸ್ನಾನದ ಮನೆಗೆ ಉಳಿದವರೆಲ್ಲ ಹೋದರು, ಅಮ್ಮನಿಗೆ ಗಾಡಿಯಲ್ಲೇ ಅರ್ಧ ಬಕೆಟ್ ಬಿಸಿನೀರು.

ಸಂಜೆ ಮಿಷಿಗನ್ ಸರೋವರದ ದಡದಲ್ಲಿ ಅಮ್ಮನನ್ನು ಕೂರಿಸಿದೆವು. ಸುಮಾರು 490 ಕಿಲೋಮೀಟರ್ ಉದ್ದದ ಸರೋವರ, ಆಚೆ ದಡ ಕಾಣುವುದಿಲ್ಲ, ಅಲೆಗಳೂ ಇವೆ, ಆದರೆ ಸಿಹಿನೀರು. ಅಮ್ಮ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು: "ನಮ್ಮಮ್ಮ ಕಾಶಿಗೆ ಹೋಗಲೇ ಇಲ್ಲ ಕಣೇ. ಅಪ್ಪ ಕರೆದರು, ಒಂದಲ್ಲ ಎರಡು ಸಲ. ರೈಲಿನಲ್ಲಿ ಅಷ್ಟು ದಿನ ಹೇಗಪ್ಪಾ ಅಂತ ಹೆದರಿ ಬೇಡ ಅಂದಳು. ಕಾರಣ ಏನು ಅಂತ ಗಂಡಸರಿಗೆ ಹೇಳೋಕೂ ನಾಚಿಕೆ. ಅವಳಿಗೆ ಪುಣ್ಯಕ್ಷೇತ್ರ ಬೇಡ ಅಂತ ಎಲ್ಲ ಅಂದುಕೊಂಡರು." ನಾವಿಬ್ಬರೂ ಅಜ್ಜಿಯ ಈ ಕಥೆಯನ್ನು ಅಲ್ಲಿಯವರೆಗೆ ಕೇಳಿರಲಿಲ್ಲ.

ಸೋದರಿಯರೇ, ನಿಮ್ಮ ಮಗಳೋ ತಂಗಿಯೋ ಪರದೇಶದಲ್ಲಿ ಇಂಥ ಗಾಡಿ ಕೊಂಡರೆ ಮೇಲಿನ ಪಟ್ಟಿ ಅವರಿಗೆ ಉಪಯೋಗವಾದೀತು. ಗಾಡಿಯ ಯೋಗವಿಲ್ಲದ ನಮ್ಮಂಥವರಿಗೂ ಇದರಲ್ಲಿ ನಾಲ್ಕು ಮಾತಿದೆ. ನಮ್ಮೂರಿಗೆ ಬಂದ ಮೇಲೆ ಸಂಸಾರದವರೆಲ್ಲ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೊರನಾಡು, ಶೃಂಗೇರಿಗೆ ಹೊರಟೆವು. ಬಾಡಿಗೆ ಮಾತಾಡುವಾಗಲೇ ನಾನು ಡ್ರೈವರಿಗೆ, "ಒಂದೂವರೆ ಗಂಟೆಗೊಮ್ಮೆ ಹೆಂಗಸರಿಗೆ ಅನುಕೂಲ ಇರುವ ಕಡೆ ನಿಲ್ಲಿಸಬೇಕಪ್ಪಾ, ಎಲ್ಲೆಲ್ಲಿ ಅಂತ ಈಗಲೇ ಹೇಳು" ಎಂದೆ. ಆತ ಏನೂ ತಿಳಿದುಕೊಳ್ಳಲಿಲ್ಲ. ಹೋಟೆಲು, ಪೆಟ್ರೋಲ್ ಬಂಕು ಎಂದು ಬೆರಳು ಮಡಿಸಿ ಎಣಿಸಿ ಹೇಳಿದ. ನಮ್ಮವರೇ ಸ್ವಲ್ಪ ಮುಜುಗರಪಟ್ಟು ಆಚೆ ನೋಡಿದರು!

ನೀವೂ ಹೊರಡುವ ಮೊದಲು ಹಾಗೆ ಕೇಳಿಕೊಳ್ಳಿ. ಒಂದು ಮಗ್ಗು, ಮುಚ್ಚಳ ಭದ್ರವಾಗಿರುವ ಎರಡು ಲೀಟರ್ ಬಳಕೆ ನೀರು, ಸೋಪಿನ ಚೂರು, ಹಳೆಯ ಪೇಪರು ಒಂದು ಚೀಲದಲ್ಲಿರಲಿ. ಕುಡಿಯುವ ನೀರಿನ ಬಾಟಲಿಗೆ ಬೇರೆ ಚೀಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರು ದಾರಿಯಲ್ಲಿ ಎಷ್ಟು ನೀರು ಕುಡಿದರು ಎಂದು ನೀವೇ ಗಮನಿಸಿ, ಅವರಾಗಿ ಹೇಳುವುದಿಲ್ಲ. ಶೃಂಗೇರಿಗೆ ಹೋದಾಗ ಅಮ್ಮನ ಕೈಯಲ್ಲಿ ಒಂದು ಲೀಟರಿನ ಬಾಟಲಿ ಕೊಟ್ಟಿದ್ದೆ. ದೇವಸ್ಥಾನ ಮುಟ್ಟುವ ಹೊತ್ತಿಗೆ ಅದು ಖಾಲಿಯಾಗಿತ್ತು.